ಜಿಂಕೆ ಬೇಟೆಗೆ ನನ್ನ ಮೊದಲ ರೈಫಲ್: ಎರಡು ಸೀಸನ್ ಆದ ಮೇಲೆ

ಟಿಕ್ಕಾ ಟಿ3ಎಕ್ಸ್ ಲೈಟ್ ರೈಫಲ್, .308 ವಿಂಚೆಸ್ಟರ್ ತೋಟಾ, ಮೇಲೊಂದು 3-9×40 ಸ್ಕೋಪ್, ಅಂದರೆ 3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 40 ಮಿಮೀ ಅಗಲದ ದುರ್ಬೀನು. ಎರಡು ಸೀಸನ್‌ನಿಂದ ನನ್ನ ಹತ್ತಿರ ಇರುವುದು ಇದು. ಸ್ಕೋಪ್ ಮಾತ್ರ ಎರಡನೆಯದು, ಆ ಕತೆ ಮುಂದೆ ಇದೆ. ಬೇಟೆಗೆ ಲೈಸೆನ್ಸ್ ಕೊಡುವ ಕಡೆಯ ಮಾತು ಇದು. ಕೊಡದ ಕಡೆ ಇರುವವರು ಸುಮ್ನೆ ಓದಿ ಬಿಟ್ಟುಬಿಡಿ.

ಕೊಳ್ಳುವ ಮೊದಲು ನಾನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದು ತೋಟಾದ ಬಗ್ಗೆ. .243 ತಗೊಳ್ಳಲಾ, 6.5 ಕ್ರೀಡ್‌ಮೂರ್ ತಗೊಳ್ಳಲಾ, ಹಳೇ .30-06 ಸಾಕಾ ಅಂತ. ಈಗ ನೆನೆಸಿಕೊಂಡರೆ ನಗು ಬರುತ್ತದೆ. 200 ಗಜದ ಒಳಗೆ, ಸರಿಯಾದ ಜಾಗಕ್ಕೆ ಬಿದ್ದರೆ, ಈ ತೋಟಾಗಳ ವ್ಯತ್ಯಾಸ ಜಿಂಕೆಗೆ ಗೊತ್ತಾಗುವುದಿಲ್ಲ. ಗೊತ್ತಾಗುವುದು ನಮ್ಮ ಭುಜಕ್ಕೆ.

.308 ಬಂದಿದ್ದು 1952ರಲ್ಲಿ. ಅದರದೇ ಕೇಸಿನ (ಮದ್ದು ತುಂಬುವ ಹಿತ್ತಾಳೆ ಕೊಳವೆಯ) ಕತ್ತು ಸಣ್ಣದು ಮಾಡಿ 1955ರಲ್ಲಿ .243 ಮಾಡಿದರು, 1980ರಲ್ಲಿ 7ಎಂಎಂ-08. ಮೂರೂ ಒಂದೇ ಮನೆಯ ಮಕ್ಕಳು. ಆದರೆ .243 ಒದೆಯುವುದು .308 ಒದೆಯುವುದರ ಅರ್ಧಕ್ಕಿಂತ ತುಸು ಜಾಸ್ತಿ ಅಷ್ಟೇ. ನಾನು ಇದನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. .308 ತೋಟಾ ಸುಲಭವಾಗಿ ಸಿಗುತ್ತದೆ, ಗುಂಡುಗಳಲ್ಲೂ ಬೇಕಾದಷ್ಟು ಬಗೆ ಇದೆ ಅಂತ ಅದನ್ನೇ ತಗೊಂಡೆ. ಜೊತೆಗೆ ಸುಮಾರು 3 ಕಿಲೋ ತೂಗುವ ಹಗುರ ರೈಫಲ್. ಗುಡ್ಡ ಹತ್ತುವಾಗ ಸ್ವರ್ಗ. ಆದರೆ ಯಾವ ಕಂಪನಿಯದೇ ಆಗಲಿ, ರೈಫಲ್ ಹಗುರ ಆದಷ್ಟೂ ಜೋರಾಗಿ ಒದೆಯುತ್ತದೆ. ಹದಿನೈದು ಈಡು ಆಗುವಷ್ಟರಲ್ಲಿ ಒದೆತದ ಹೆದರಿಕೆಗೆ ನನಗೇ ಗೊತ್ತಿಲ್ಲದೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಗೆಳೆಯನೊಬ್ಬ ಹೇಳದೆ ಕೇಳದೆ ಡಮ್ಮಿ ತೋಟಾ ತುಂಬಿ ಕೊಟ್ಟ. ಟ್ರಿಗರ್ ಎಳೆದೆ, ಸದ್ದೇ ಇಲ್ಲ, ಆದರೂ ನಳಿಗೆ ಗಕ್ಕನೆ ಕೆಳಗೆ ಬಗ್ಗಿತು. ಅವನು ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ ಬಿಡಿ. ಇವತ್ತು ಮತ್ತೆ ಕೊಳ್ಳುವುದಾದರೆ ಇದೇ ರೈಫಲ್, ಆದರೆ .308ಕ್ಕಿಂತ ತುಸು ಕಮ್ಮಿ ಒದೆಯುವ 7ಎಂಎಂ-08ರಲ್ಲಿ.

ರೈಫಲ್ ಬಗ್ಗೆ ಹೇಳಬೇಕಾದ್ದು ಕಮ್ಮಿ, ಯಾಕಂದರೆ ಅದು ನನಗೆ ತೊಂದರೆ ಕೊಟ್ಟೇ ಇಲ್ಲ. ತೋಟಾ ಒಳಗೆ ತಳ್ಳುವ ಬೋಲ್ಟ್ ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರುತ್ತದೆ, ಅದರ ಹಿಡಿಯನ್ನು 70 ಡಿಗ್ರಿ ಎತ್ತಿದರೆ ಸಾಕು, ಕೈ ಸ್ಕೋಪಿಗೆ ತಾಗುವುದಿಲ್ಲ. ಟ್ರಿಗರ್ ಭಾರವನ್ನು ಒಂದು ಸ್ಕ್ರೂ ತಿರುಗಿಸಿ ಹೆಚ್ಚುಕಮ್ಮಿ ಮಾಡಬಹುದು. ಸಿಂಥೆಟಿಕ್ ಸ್ಟಾಕ್ (ಭುಜಕ್ಕೆ, ಕೆನ್ನೆಗೆ ಒತ್ತಿ ಹಿಡಿಯುವ ಭಾಗ) ನೋಡೋಕೆ ಅಂಥ ಚಂದ ಏನಲ್ಲ, ಆದರೆ ಮಳೆಯಲ್ಲಿ ಉಬ್ಬುವುದಿಲ್ಲ. ಮ್ಯಾಗಜಿನ್‌ನಲ್ಲಿ ಮೂರೇ ತೋಟಾ. ನನಗೆ ಮೂರನೆಯದು ಇನ್ನೂ ಬೇಕಾಗಿಲ್ಲ.

ನಾನು ನಿಜವಾಗಿ ಎಡವಿದ್ದು ಸ್ಕೋಪ್‌ನಲ್ಲಿ. ಮೊದಲು ತಗೊಂಡಿದ್ದು ಅಗ್ಗದ 6-24×50. ದೊಡ್ಡದು, ದೂರದ್ದೆಲ್ಲ ಕಾಣುತ್ತದೆ ಅಂತ ಆಸೆ. ಪೊದೆಯ ನಡುವೆ 40 ಗಜದಲ್ಲಿ ಜಿಂಕೆ ಬಂದು ನಿಂತರೆ, ಕನಿಷ್ಠ 6ಕ್ಕೆ ಇಳಿಸಿದರೂ ಕಾಣುವುದು ಬರೀ ಕೂದಲು. ಅದು ಕತ್ತೋ ಹೊಟ್ಟೆಯೋ ಅಂತ ಹುಡುಕುವಷ್ಟರಲ್ಲಿ ಜಿಂಕೆ ಮಾಯ. ಮುಸ್ಸಂಜೆಯ ಲೆಕ್ಕ ಇನ್ನೊಂದಿದೆ. ಮುಂದಿನ ಗಾಜಿನ ಅಳತೆಯನ್ನು ಝೂಮ್‌ನಿಂದ ಭಾಗಿಸಿದರೆ, ಕಣ್ಣಿಗೆ ಬರುವ ಬೆಳಕಿನ ವೃತ್ತ ಎಷ್ಟು ಅಗಲ ಅಂತ ಸಿಗುತ್ತದೆ. 50ನ್ನು 24ರಿಂದ ಭಾಗಿಸಿದರೆ ಬರೀ 2 ಮಿಮೀ, ಕತ್ತಲು ಕತ್ತಲು. 40ನ್ನು 6ರಿಂದ ಭಾಗಿಸಿದರೆ ಸುಮಾರು 6.7 ಮಿಮೀ, ಸಂಜೆಗೆ ಧಾರಾಳ ಸಾಕು. ಇಷ್ಟು ಸಾಲದು ಅಂತ, 50ರ ಗಾಜಿಗೆ ಎತ್ತರದ ರಿಂಗ್ (ಸ್ಕೋಪನ್ನು ರೈಫಲ್ಲಿಗೆ ಕಚ್ಚಿ ಹಿಡಿಯುವ ಬಳೆ) ಬೇಕಾಯಿತು. ಕೆನ್ನೆ ಸ್ಟಾಕ್ ಬಿಟ್ಟು ಮೇಲೇಳುತ್ತಿತ್ತು.

ಆಮೇಲೆ ಗುರಿ ಅಲೆಯೋಕೆ ಶುರುವಾಯಿತು. ಇವತ್ತು ಎಡಕ್ಕೆ, ನಾಳೆ ಮೇಲಕ್ಕೆ. ತೋಟಾ ಸರಿಯಿಲ್ಲ ಅಂದುಕೊಂಡು ಎರಡು ಡಬ್ಬಿ ಸುಟ್ಟೆ. ಕೊನೆಗೆ ನೋಡಿದರೆ ರಿಂಗಿನ ಸ್ಕ್ರೂ ಒಂದು ಬೆರಳಲ್ಲೇ ತಿರುಗುತ್ತಿದೆ! ಜೋಡಿಸಿ ಕೊಟ್ಟಿದ್ದು ಅಂಗಡಿಯವರು, ನಂಬಿ ತಂದವನು ನಾನು. ಈಗ ಎಷ್ಟು ಬಿಗಿ ಬೇಕೋ ಅಷ್ಟೇ ಬಿಗಿಯುವ ಟಾರ್ಕ್ ಸ್ಕ್ರೂಡ್ರೈವರ್ ಇಟ್ಟುಕೊಂಡಿದ್ದೇನೆ, ನಾನೇ ಬಿಗಿಯುತ್ತೇನೆ. ಸ್ಕೋಪಿಗೂ ಕಣ್ಣಿಗೂ ಮೂರೂವರೆ ಇಂಚಿನಷ್ಟು ಜಾಗ ಬಿಡೋದು ಮರೀಬೇಡಿ, ಇಲ್ಲಾಂದ್ರೆ ಹುಬ್ಬು ಸೀಳುತ್ತದೆ. ನನಗೆ ಗುರುತು ಇನ್ನೂ ಇದೆ.

3-9×40 ಬಂದ ಮೇಲೆ ನೆಮ್ಮದಿ. 150 ಗ್ರೇನ್ (ಹತ್ತು ಗ್ರಾಂನಷ್ಟು) ತೂಕದ ಸಾಫ್ಟ್ ಪಾಯಿಂಟ್, ಅಂದರೆ ಮೈಗೆ ಬಿದ್ದಾಗ ಅರಳುವ ಮೆತ್ತನೆ ಮೂತಿಯ ಗುಂಡು ಹಾಕಿ, 100 ಗಜದಲ್ಲಿ ಗುಂಡು ಸುಮಾರು 2 ಇಂಚು ಮೇಲೆ ಬೀಳುವ ಹಾಗೆ ಹೊಂದಿಸಿದ್ದೇನೆ. 200ರಲ್ಲಿ ಹೆಚ್ಚುಕಮ್ಮಿ ಗುರಿಗೇ ಬೀಳುತ್ತದೆ. 300ರಲ್ಲಿ 8 ಇಂಚಿನಷ್ಟು ಇಳಿಯುತ್ತದೆ, ಜಿಂಕೆಯ ಎದೆಯಲ್ಲಿ ನಮಗೆ ಸಿಗುವ ಜಾಗವೂ ಅಷ್ಟೇ ಅಗಲ, ಹಾಗಾಗಿ ಅಷ್ಟು ದೂರಕ್ಕೆ ನಾನು ಹೊಡೆಯುವುದಿಲ್ಲ. ಮೂತಿಗೂ ಗಟ್ಟಿ ಲೋಹದ ಹೊದಿಕೆ ಇರುವ ಫುಲ್ ಮೆಟಲ್ ಜಾಕೆಟ್ ಗುಂಡು ಅಗ್ಗ ಅಂತ ಬೇಟೆಗೆ ಒಯ್ಯಬೇಡಿ. ಅದು ಅರಳುವುದಿಲ್ಲ, ತೂರಿ ಹೋಗುತ್ತದೆ, ಗಾಯಗೊಂಡ ಪ್ರಾಣಿ ಎಲ್ಲೋ ಹೋಗಿ ನರಳುತ್ತದೆ. ಎಷ್ಟೋ ಕಡೆ ಕಾನೂನೂ ಒಪ್ಪುವುದಿಲ್ಲ.

ಕಣ್ಣು ಮುಚ್ಚುವ ಚಾಳಿ ಬಿಡಿಸಿಕೊಳ್ಳೋಕೆ ಆಮೇಲೆ ಸಣ್ಣ ತೋಟಾದ ಒಂದು .22 ರೈಫಲ್ ತಗೊಂಡೆ. ವಾರಕ್ಕೆ ಐವತ್ತು ಈಡು, ಭುಜಕ್ಕೆ ಏನೂ ಗೊತ್ತಾಗುವುದಿಲ್ಲ. ಆ 6-24 ಸ್ಕೋಪ್ ಈಗ ಅದರ ಮೇಲೆ ಕೂತಿದೆ. ಕಾಗದದ ಗುರಿಗೆ ಚೆನ್ನಾಗೇ ಇದೆ.