ಒಂದೇ ಪಠ್ಯ, ನೂರಾರು ಉಚ್ಚಾರಣೆ

ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ‘ಸ್ಪೀಚ್ ಆಕ್ಸೆಂಟ್ ಆರ್ಕೈವ್’ ಎಂಬ ಉಚಿತ ಧ್ವನಿಸಂಗ್ರಹದಲ್ಲಿ ಬೇರೆ ಬೇರೆ ದೇಶಗಳವರು 69 ಪದಗಳ ಒಂದೇ ಇಂಗ್ಲಿಷ್ ಪಠ್ಯವನ್ನು ಓದಿರುವುದರಿಂದ, ಅರ್ಥದ ಕಡೆಗೆ ಗಮನ ಹರಿಯದೆ ಕಿವಿಯು ಉಚ್ಚಾರಣೆಯ ವ್ಯತ್ಯಾಸವನ್ನಷ್ಟೇ ಹಿಡಿಯುತ್ತದೆ. ‘ರೆಡ್’ ಎಂಬ ಪದವನ್ನೇ ಗಮನಿಸಿ: ನ್ಯೂಜಿಲೆಂಡಿನವರ ಬಾಯಲ್ಲಿ ಅದು ಹೆಚ್ಚುಕಡಿಮೆ ‘ರಿಡ್’ ಎಂದು ಕೇಳಿಸಿದರೆ, ಸ್ಕಾಟ್ಲೆಂಡಿನ ಹಲವರು ರಕಾರವನ್ನು ನಮ್ಮಂತೆಯೇ ನಾಲಿಗೆ ಮಿಡಿದು ನುಡಿಯುತ್ತಾರೆ. ಕನ್ನಡಿಗರ ಧ್ವನಿಮುದ್ರಣಗಳೂ ಇಲ್ಲಿವೆ. ‘ಥಿಂಗ್ಸ್’ ಎನ್ನುವಾಗ ನಮ್ಮ ನಾಲಿಗೆ ಹಲ್ಲಿನ ಹಿಂಬದಿಗೆ ತಾಗಿ ಉಸಿರನ್ನು ತಡೆಯುತ್ತದೆ ಎಂಬುದು ನನಗೆ ಸ್ಪಷ್ಟವಾದದ್ದು ಅವನ್ನು ಕೇಳಿದ ಮೇಲೆಯೇ. ಬರೆದದ್ದನ್ನು ನಿಧಾನವಾಗಿ ಓದುವುದಕ್ಕೂ ಫೋನಿನಲ್ಲಿ ಅವಸರದಿಂದ ಮಾತನಾಡುವುದಕ್ಕೂ ಅಂತರವಿದೆ ಎಂಬುದು ನಿಜವಾದರೂ, ವಿದೇಶಿ ಗ್ರಾಹಕರೊಂದಿಗೆ ದಿನವೂ ವ್ಯವಹರಿಸುವ ಬೆಂಗಳೂರಿನ ಉದ್ಯೋಗಿಗಳಿಗೆ ನಾನು ಮೊದಲು ಸೂಚಿಸುವುದು ಇದನ್ನೇ.