ಸ್ಪಿಟ್‌ಫೈರ್‌ಗೆ ಮೋಟಾರು ಕೂರಿಸಿದ ಶಿವಮೊಗ್ಗದ ವರ್ಕ್‌ಶಾಪ್

ಹಳೆಯ ಸ್ಪೋರ್ಟ್ಸ್ ಕಾರುಗಳ ಎಂಜಿನ್ ಇಳಿಸಿ ಬ್ಯಾಟರಿ, ಮೋಟಾರು ಕೂರಿಸಿಕೊಡುವವರು ಶಿವಮೊಗ್ಗದ ಹೊರವಲಯದಲ್ಲೇ ಇದ್ದಾರೆಂದು ಕೇಳಿ, ಅರವತ್ತರ ದಶಕದ ನನ್ನ ಟ್ರಯಂಫ್ ಸ್ಪಿಟ್‌ಫೈರ್ ಅನ್ನು ಅವರಿಗೆ ಒಪ್ಪಿಸಿದ್ದೆ. ಯಂತ್ರದ ಕೆಲಸದಲ್ಲಿ ಅವರದು ಪಳಗಿದ ಕೈ. ಆದರೆ ಮಲೆನಾಡಿನ ಮಳೆ ಮತ್ತು ತಿರುವುಗಳನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

1147 ಸಿಸಿ ಎಂಜಿನ್ ತೆಗೆದರೂ ಮೂಲ ಗೇರ್‌ಬಾಕ್ಸ್ ಉಳಿಸಿಕೊಂಡಿದ್ದಾರೆ. ಮೋಟಾರಿಗೂ ಗೇರ್‌ಬಾಕ್ಸಿಗೂ ನಡುವಿನ ಅಡಾಪ್ಟರ್ ಪ್ಲೇಟು ಕೂದಲೆಳೆಯಷ್ಟು ಓರೆಯಾದರೂ ಕಾರು ನಡುಗುತ್ತದೆ. ಫೌಂಡ್ರಿ, ಮಷೀನ್ ಶಾಪ್‌ಗಳಿಗೆ ಬರವಿಲ್ಲದ ಈ ಊರಿನ ಲೇತಿನಲ್ಲಿ ತಿರುಗಿಸಿದ ಪ್ಲೇಟು ಎಷ್ಟು ನಿಖರವಾಗಿದೆಯೆಂದರೆ, ಮೂರನೆಯ ಗೇರಿನಲ್ಲಿ ಹೊರಟಾಗ ಸ್ಟೀರಿಂಗಿನ ಮೇಲಿಟ್ಟ ಬೆರಳಿಗೆ ಏನೂ ತಿಳಿಯುವುದಿಲ್ಲ. ಚಾಸಿಸ್‌ಗೆ ಹೊಸ ತೂತು ಕೊರೆಯದೆ ಹಳೆಯ ಬೋಲ್ಟಿನ ಜಾಗಗಳನ್ನೇ ಬಳಸಿದ್ದಾರೆ. ಎಂಜಿನ್ನಿಗೆ ಗ್ರೀಸ್ ಹಚ್ಚಿ ಹಿಂದಿರುಗಿಸಿದ್ದಾರೆ. ಬೇಕೆಂದರೆ ಮುಂದೆ ಅದನ್ನೇ ಮತ್ತೆ ಕೂರಿಸಬಹುದು. ಇಂಥ ಕೆಲಸದಲ್ಲಿ ನಾನು ಮೊದಲು ನೋಡುವುದು ಇದನ್ನೇ.

ಬ್ಯಾಟರಿಯಲ್ಲಿ 100 ಆಂಪಿಯರ್-ಅವರ್‌ನ 45 ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್‌ಗಳಿವೆ. ಒಟ್ಟು 144 ವೋಲ್ಟ್, 14.4 ಕಿಲೋವ್ಯಾಟ್-ಅವರ್. ಮನೆಯ 15 ಆಂಪಿಯರ್ ಸಾಕೆಟ್ಟಿನಲ್ಲಿ ತುಂಬಲು ಸುಮಾರು ಐದು ಗಂಟೆ ಹಿಡಿಯುತ್ತದೆ, ಅರ್ಥಿಂಗ್ ಸರಿಯಿದ್ದರೆ. 120 ಕಿ.ಮೀ. ಓಡುತ್ತದೆಂದು ಅವರು ಹೇಳುತ್ತಾರಾದರೂ, ತೀರ್ಥಹಳ್ಳಿಗೆ ಹೋಗಿ ಚಾರ್ಜ್ ಮಾಡದೆ ಮರಳುವ ಧೈರ್ಯ ನನಗಿಲ್ಲ.

ತಕರಾರು ಇರುವುದು ರೀಜೆನ್ ವಿಷಯದಲ್ಲಿ, ಅಂದರೆ ವೇಗ ಇಳಿಸುವಾಗ ಮೋಟಾರೇ ಬ್ರೇಕಿನಂತೆ ಹಿಡಿದು ಬ್ಯಾಟರಿಗೆ ವಿದ್ಯುತ್ ಮರಳಿಸುವ ವ್ಯವಸ್ಥೆಯಲ್ಲಿ. ಸ್ಪಿಟ್‌ಫೈರ್‌ನ ಹಿಂಬದಿ ಸ್ವಿಂಗ್ ಆಕ್ಸಲ್‌ನದು, ಅಂದರೆ ಎರಡೂ ಚಕ್ರಗಳ ಆಕ್ಸಲ್‌ಗಳು ನಡುವಿನ ಕೀಲಿನಿಂದ ಮೇಲೆ-ಕೆಳಗೆ ಆಡುವಂಥದು. ತಿರುವಿನ ಮಧ್ಯೆ ಆಕ್ಸಿಲರೇಟರಿನಿಂದ ತಟ್ಟನೆ ಕಾಲು ತೆಗೆದರೆ ಭಾರ ಮುಂದಕ್ಕೆ ಸರಿದು, ಹಿಂಭಾಗ ಮೇಲೆದ್ದು, ಚಕ್ರಗಳು ಒಳಕ್ಕೆ ಮಡಚಿಕೊಂಡು ಹಿಡಿತ ತಪ್ಪುವುದು ಈ ಕಾರಿನ ಹುಟ್ಟುಗುಣ. ಕಾಲು ತೆಗೆದೊಡನೆ ಹಿಂದಿನ ಚಕ್ರಗಳನ್ನೇ ಬಲವಾಗಿ ಹಿಡಿಯುವಂತೆ ರೀಜೆನ್ ಹೊಂದಿಸುವುದೆಂದರೆ ಆ ಗುಣವನ್ನು ಕೆಣಕಿದಂತೆಯೇ. ಒದ್ದೆಯಾದ ತೋಟದ ರಸ್ತೆಯಲ್ಲಿ, ನಿಧಾನದ ವೇಗದಲ್ಲೇ, ಹಿಂಬದಿ ಜಾರಿದ್ದು ನನ್ನ ಅನುಭವಕ್ಕೆ ಬಂತು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಇದೇ ಆದರೆ ಏನು ಗತಿ? “ಕಡಿಮೆ ಮಾಡಿದರೆ ರೇಂಜ್ ಇಳಿಯುತ್ತದೆ ಸರ್” ಎಂದು ಎರಡು ಬಾರಿ ಹೇಳಿದ ಮೇಲೆ, ರೀಜೆನ್ ಬ್ರೇಕ್ ಪೆಡಲ್ ಒತ್ತಿದಾಗ ಮಾತ್ರ, ಅದೂ ಮೃದುವಾಗಿ ಬರುವಂತೆ ಬದಲಿಸಿಕೊಟ್ಟರು. ಈಗ ಕಾರು ನೆಟ್ಟಗೆ ನಡೆಯುತ್ತದೆ. ಆದರೂ ಬ್ಯಾಟರಿ ಪೂರ್ತಿ ತುಂಬಿಸಿ ಘಾಟಿ ಇಳಿಯುವವರಿಗೆ ರೀಜೆನ್ ಒದಗದು, ಹಳೆಯ ಬ್ರೇಕುಗಳೇ ಗತಿ. ಈ ಮಾತನ್ನು ಅವರು ತಾವಾಗಿ ಹೇಳಲಿಲ್ಲ.

ಎಂಜಿನ್ನಿನ ಬಿಸಿನೀರಿನ ಜತೆ ಹೀಟರೂ ಹೋಗಿದೆ. ಈ ತೆರೆದ ಕಾರಿನ ಮಡಚುವ ಟಾಪ್ ಎಳೆದುಕೊಂಡು ಮಳೆಯಲ್ಲಿ ಕುಳಿತರೆ ಗಾಜು ಮಂಜಾಗುತ್ತದೆ. ವಿದ್ಯುತ್ ಹೀಟರಿಗೆ ಬೇರೆ ಬಿಲ್ಲು. 2018ರಲ್ಲಿ ರಾಜಕುಮಾರ ಹ್ಯಾರಿ ತಮ್ಮ ಮದುವೆಯ ದಿನ ಓಡಿಸಿದ ವಿದ್ಯುತ್ ಜಾಗ್ವಾರ್ ಇ-ಟೈಪ್‌ನ ಚಿತ್ರ ಅವರ ಕಚೇರಿಯ ಗೋಡೆಯ ಮೇಲಿದೆ. ಮದುವೆ ನಡೆದ ವಿಂಡ್ಸರ್‌ನಲ್ಲಿ ಆ ದಿನ ಬಿಸಿಲಿತ್ತು.

ಕಾರನ್ನು ತೋಟದೊಳಗಷ್ಟೇ ಓಡಿಸುತ್ತಿರುವುದಕ್ಕೂ ಕಾರಣವಿದೆ. “ಆರ್‌ಟಿಓ ನಾವು ನೋಡಿಕೊಳ್ಳುತ್ತೇವೆ” ಎಂಬ ಭರವಸೆ ಮಾತಿನಲ್ಲೇ ಉಳಿಯಿತು. ರಸ್ತೆಗಿಳಿಯಬೇಕಾದರೆ ಅಂಗೀಕೃತ ಪರೀಕ್ಷಾ ಸಂಸ್ಥೆಯಿಂದ ಅನುಮೋದನೆ ಪಡೆದ ಕಿಟ್ ಆಗಿರಬೇಕು, ಬದಲಾವಣೆ ಆರ್‌ಸಿಯಲ್ಲೂ ದಾಖಲಾಗಬೇಕು. ಇನ್ನು 2021ರ ವಿಂಟೇಜ್ ನೋಂದಣಿ ನಿಯಮವು 50 ವರ್ಷ ದಾಟಿದ, ಎಂಜಿನ್, ಚಾಸಿಸ್, ಬಾಡಿಗಳಲ್ಲಿ ದೊಡ್ಡ ಬದಲಾವಣೆಯಿಲ್ಲದೆ ಮೂಲರೂಪದಲ್ಲಿರುವ ವಾಹನಗಳಿಗೆ ಮಾತ್ರ ಅನ್ವಯಿಸುತ್ತದೆಯಾದ್ದರಿಂದ ಆ ದಾರಿಯೂ ಮುಚ್ಚುತ್ತದೆ. ಇಲ್ಲಿಗೆ ಕಾರು ಕೊಡುವವರು ತಮ್ಮ ಮಾದರಿಗೆ ಸಂಬಂಧಿಸಿದ ಅನುಮೋದನಾ ಪತ್ರದ ಪ್ರತಿಯನ್ನು ಕೈಯಲ್ಲಿ ಹಿಡಿದ ಮೇಲೆಯೇ ಮುಂಗಡ ಕೊಡಲಿ.