ಹನ್ನೆರಡು ಮಳೆಗಾಲ ಕಂಡ .315 ರೈಫಲ್ಲಿನ ಮ್ಯಾಗಜಿನ್

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಸ್ವಲ್ಪ ಒಳಗೆ. ಕೆಳಗೆ ಅಡಕೆ ತೋಟ, ಮೇಲ್ಬದಿಗೆ ಕಾಡು. 2013ರಲ್ಲಿ ಲೈಸೆನ್ಸಿಗೆ .315 ಸ್ಪೋರ್ಟಿಂಗ್ ರೈಫಲ್ ತಗೊಂಡೆ. ಪಶ್ಚಿಮ ಬಂಗಾಳದ ಇಶಾಪುರದ ಕಾರ್ಖಾನೆಯದ್ದು. ಬ್ಯಾರಲ್ ಬಗ್ಗೆ, ಗುರಿ ಬಗ್ಗೆ ಹೇಳುವವರು ತುಂಬ ಜನ ಇದ್ದಾರೆ. ನಾನು ಬರೆಯುವುದು ಅದರ ಹೊಟ್ಟೆಯಡಿಯಲ್ಲಿ ಕೂತಿರುವ ಮ್ಯಾಗಜಿನ್, ಅಂದರೆ ಐದು ತೋಟೆ ಹಿಡಿಯುವ ಡಬ್ಬಿಯ ಬಗ್ಗೆ ಮಾತ್ರ. ನಮ್ಮ ಊರಿನ ಮಳೆಗೆ ಮೊದಲು ಸೋಲುವುದು ಅದೇ. ಅದನ್ನು ಕೇಳುವವರೂ ಇಲ್ಲ.

ಮೊದಲ ಒಂಬತ್ತು ವರ್ಷ ರೈಫಲ್ ಕಪಾಟಿನಲ್ಲೇ ಇದ್ದದ್ದು ಜಾಸ್ತಿ. 2022ರ ಮೇ ತಿಂಗಳಲ್ಲಿ ಕೇರಳ ಸರಕಾರ ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಲು ಆದೇಶ ಕೊಡುವ ಅಧಿಕಾರವನ್ನು ಪಂಚಾಯತಿಗೆ ಕೊಡುವ ತೀರ್ಮಾನ ಮಾಡಿತು. ಆಮೇಲೆ ಲೈಸೆನ್ಸಿನ ಕೋವಿ ಇರುವ ನಮ್ಮಂಥವರಿಗೆ ಕರೆ ಬರತೊಡಗಿತು. ಮ್ಯಾಗಜಿನ್ನಿನ ನಿಜವಾದ ಪರೀಕ್ಷೆ ಶುರುವಾದದ್ದು ಆಗಲೇ.

2023ರ ಜನವರಿಯ ಒಂದು ರಾತ್ರಿ. ಒಳ್ಳೆ ಚಳಿ. ಪಕ್ಕದ ಮನೆಯವರ ಮರಗೆಣಸಿನ ಗದ್ದೆಗೆ ಹಂದಿ ಬಂದಿತ್ತು. ಮೊದಲ ಗುಂಡು ತಗಲಿತು, ಹಂದಿ ಬೀಳಲಿಲ್ಲ. ಮುಂದಿನ ತೋಟೆಯನ್ನು ಬ್ಯಾರಲ್ಲಿಗೆ ತಳ್ಳುವ ಬೋಲ್ಟನ್ನು ಎಳೆದು ದೂಡಿದೆ. ಖಾಲಿ ಬೋಲ್ಟ್ ಸರ್ರನೆ ಮುಂದೆ ಹೋಯಿತು. ಒಳಗೆ ಇನ್ನೂ ನಾಲ್ಕು ತೋಟೆ ಇತ್ತು, ಒಂದೂ ಮೇಲೆ ಬರಲಿಲ್ಲ. ಗಾಯವಾದ ಹಂದಿ ಎದುರಲ್ಲಿ. ಜೊತೆಗಿದ್ದ ಅಣ್ಣನ ಬಳಿ ತೋಟೆಕೋವಿ ಇದ್ದ ಕಾರಣ ಅವರು ಮುಗಿಸಿದರು. ಇಲ್ಲದಿದ್ದರೆ ಆ ಪ್ರಾಣಿ ನರಳುತ್ತಾ ಕಾಡು ಸೇರುತ್ತಿತ್ತು, ಅಥವಾ ನಮ್ಮ ಮೇಲೆಯೇ ಬರುತ್ತಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಜಗಲಿಯಲ್ಲಿ ಕೂತು ಬಿಚ್ಚಿದೆ. ಅಷ್ಟು ವರ್ಷದಲ್ಲಿ ಅದೇ ಮೊದಲು. ಒಳಗೆ ಬಿಳಿ ಮೇಣದ ಹಾಗೆ ಏನೋ ಅಂಟಿಕೊಂಡಿತ್ತು. ಮೂಸಿ ನೋಡಿದೆ, ತೆಂಗಿನೆಣ್ಣೆ! "ಕಬ್ಬಿಣಕ್ಕೆ ತೆಂಗಿನೆಣ್ಣೆಗಿಂತ ಒಳ್ಳೆಯದು ಯಾವುದಿದೆ ಮಾರಾಯ" ಎಂದು ಮಾವ ಹೇಳಿದ್ದರು. ನಾನೂ ಪ್ರತಿ ವರ್ಷ ಆಯುಧ ಪೂಜೆಗೆ ಧಾರಾಳವಾಗಿ ಹೊಯ್ಯುತ್ತಿದ್ದೆ. ಧನು ತಿಂಗಳಲ್ಲಿ ಬಾಟ್ಲಿಯ ಎಣ್ಣೆ ಗಟ್ಟಿಯಾಗುತ್ತದೆ, ಬಿಸಿಲಿಗೆ ಇಟ್ಟು ಕರಗಿಸಿ ತಲೆಗೆ ಹಾಕುತ್ತೇವೆ ಅಲ್ವಾ? ಮ್ಯಾಗಜಿನ್ ಒಳಗೂ ಅದೇ ಆಗಿತ್ತು. ಧೂಳು, ಮಸಿ ಎಲ್ಲ ಸೇರಿ ಸ್ಪ್ರಿಂಗನ್ನು ಹಿಡಿದುಕೊಂಡಿತ್ತು. ತಪ್ಪು ನನ್ನದೇ, ಮ್ಯಾಗಜಿನ್ನಿನದ್ದಲ್ಲ.

ಈಗ ವರ್ಷಕ್ಕೆ ನಾಲ್ಕು ಸಲ ಬಿಚ್ಚುತ್ತೇನೆ. ಮಳೆಗಾಲದಲ್ಲೇ ಎರಡು ಸಲ. ಮೊದಲು ಮ್ಯಾಗಜಿನ್ ತೆಗೆಯುವುದು, ಬೋಲ್ಟ್ ತೆರೆದು ತೋಟೆ ಕೂರುವ ಚೇಂಬರಿಗೆ ಕಣ್ಣೂ ಹಾಕಬೇಕು, ಕಿರುಬೆರಳೂ ಹಾಕಬೇಕು. ತೋಟೆಗಳೆಲ್ಲ ಬೇರೆ ಕೋಣೆಯಲ್ಲಿ. ಮಕ್ಕಳು ಹತ್ತಿರ ಇದ್ದರೆ ಆ ದಿನ ಕೆಲಸ ಬೇಡ.

ಬಿಚ್ಚಲು ಯಾವ ಸಾಮಾನೂ ಬೇಡ, ಇದು ಈ ಮ್ಯಾಗಜಿನ್ನಿನ ದೊಡ್ಡ ಗುಣ. ಬ್ರಿಟಿಷರ ಸೈನ್ಯದ ಹಳೇ ಲೀ-ಎನ್‌ಫೀಲ್ಡ್ ರೈಫಲ್ಲಿನ ಮಾದರಿ. ತೋಟೆಯನ್ನು ಮೇಲಕ್ಕೆ ಎತ್ತುವ ತಟ್ಟೆ ಇದೆಯಲ್ಲ, ಅದರ ಹಿಂದಿನ ಅಗಲದ ತುದಿಯನ್ನು ಹೆಬ್ಬೆರಳಲ್ಲಿ ಕೆಳಕ್ಕೆ ಒತ್ತಬೇಕು. ಆಗ ಮುಂದಿನ ಕಿರಿದಾದ ತುದಿ ಮೇಲೇಳುತ್ತದೆ. ಅದು ಮುಂದಿನ ಬಾಯಂಚಿನಿಂದ ತಪ್ಪಿದ ಕೂಡಲೇ ಮೆಲ್ಲ ಎತ್ತಿದರೆ ಸ್ಪ್ರಿಂಗ್ ಸಮೇತ ಹೊರಗೆ ಬರುತ್ತದೆ. ಎಳೆದಾಡಬಾರದು. ಸುರುಳಿ ಸ್ಪ್ರಿಂಗ್ ಅಲ್ಲ ಅದು. ಚಪ್ಪಟೆ ಪಟ್ಟಿಯನ್ನು ಬಡಗಿಯ ಮಡಿಚುವ ಅಳತೆಕೋಲಿನ ಹಾಗೆ ಮಡಿಚಿದ್ದು, ತಟ್ಟೆಗೇ ರಿವೆಟ್ ಮಾಡಿದ್ದು. ಹಾಗಾಗಿ ಅದನ್ನು ತಟ್ಟೆಯಿಂದ ಬೇರೆ ಮಾಡಲು ಹೋಗಬೇಡಿ. ಒಂದು ಮಡಿಕೆ ಸೊಟ್ಟಗಾದರೂ ತಟ್ಟೆ ವಾಲುತ್ತದೆ.

ಹಳೇ ಹಲ್ಲುಜ್ಜುವ ಬ್ರಶ್ಶಿಗೆ ಸ್ವಲ್ಪ ಚಿಮಿಣಿ ಎಣ್ಣೆ ಹಾಕಿ ಉಜ್ಜುತ್ತೇನೆ. ಡಬ್ಬಿಯ ಒಳಗಿನ ಮೂಲೆಗೆ ತೆಂಗಿನ ಗರಿಯ ಕಡ್ಡಿಗೆ ಬಟ್ಟೆ ಸುತ್ತಿ ಹಾಕುವುದು. ಬಟ್ಟೆ ಬಿಳಿ ಬೈರಾಸಿನ (ಟವೆಲಿನ) ತುಂಡೇ ಆಗಬೇಕು, ಕೊಳೆ ಹೋಗಿದೆಯೋ ಇಲ್ಲವೋ ಆಗ ಗೊತ್ತಾಗುತ್ತದೆ. ಕಂದು ಬಣ್ಣ ಬಂದರೆ ತುಕ್ಕು ಶುರುವಾಗಿದೆ ಎಂದರ್ಥ. ಸ್ಪ್ರಿಂಗಿನ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು, ತುಕ್ಕು ಅಡಗುವುದು ಅಲ್ಲೇ. ಚಿಮಿಣಿ ಎಣ್ಣೆಯ ಪಸೆ ಪೂರ್ತಿ ಒರೆಸಿ, ಒಲೆಯ ಮೇಲಿನ ಅಟ್ಟದಲ್ಲಿ ಒಂದು ಗಂಟೆ ಇಟ್ಟರೆ ಜೋರು ಮಳೆಯ ಆಟಿ ತಿಂಗಳಲ್ಲೂ ಒಣಗುತ್ತದೆ. ಆಮೇಲೆ ಹೊಲಿಗೆ ಮೆಷಿನ್ನಿನ ಎಣ್ಣೆ. ಬಟ್ಟೆಗೆ ಎರಡು ಹನಿ, ಆ ಬಟ್ಟೆಯಲ್ಲಿ ಒರೆಸಿದ್ದು, ಅಷ್ಟೇ. ಮುಟ್ಟಿದರೆ ಬೆರಳಿಗೆ ಹತ್ತಬಾರದು. ಎಣ್ಣೆ ಜಾಸ್ತಿಯಾದರೆ ತೋಟೆಯ ಬುಡಕ್ಕೆ ಇಳಿಯುತ್ತದೆ, ಧೂಳನ್ನೂ ಕರೆಯುತ್ತದೆ.

ಜೋಡಿಸಿದ ಮೇಲೆ ತಟ್ಟೆಯನ್ನು ಹತ್ತು ಸಲ ಬೆರಳಲ್ಲಿ ಒತ್ತಿ ಬಿಡಿ. ಪ್ರತಿ ಸಲವೂ ಟಕ್ ಎಂದು ಮೇಲೆ ಬರಬೇಕು. ಒಂದು ಸಲ ತಡವಾದರೂ ಮತ್ತೆ ಬಿಚ್ಚಿ.

ತೋಟೆ ತುಂಬುವುದರಲ್ಲೂ ಒಂದು ವಿಷಯ ಇದೆ. ಈ .315 ತೋಟೆಯ ಬುಡಕ್ಕೆ ಸುತ್ತಲೂ ಹೊರಗೆ ಚಾಚಿದ ಅಂಚಿದೆ. ಮೇಲಿನ ತೋಟೆಯ ಅಂಚು ಯಾವತ್ತೂ ಕೆಳಗಿನದ್ದರ ಅಂಚಿಗಿಂತ ಮುಂದೆ ಇರಬೇಕು. ಹಿಂದೆ ಬಿದ್ದರೆ ಬೋಲ್ಟ್ ದೂಡುವಾಗ ಎರಡೂ ಸಿಕ್ಕಿಕೊಳ್ಳುತ್ತವೆ. ತುಂಬ ಜನ ಇದನ್ನು ಮ್ಯಾಗಜಿನ್ ಹಾಳಾಗಿದೆ ಎಂದು ತಿಳಿಯುತ್ತಾರೆ. ಸುಮ್ನೆ ಬಾಯಂಚನ್ನು ಇಕ್ಕಳದಲ್ಲಿ ಬಗ್ಗಿಸಲು ಹೋಗಿ ನಿಜವಾಗಿಯೇ ಹಾಳು ಮಾಡುತ್ತಾರೆ. ಬಾಯಂಚಿಗೆ ಇಕ್ಕಳ ತಾಗಿಸಲೇಬೇಡಿ.

ಖಾಲಿ ಮ್ಯಾಗಜಿನ್ನನ್ನು ತೆರೆದ ಕಪಾಟಿನಲ್ಲಿ ಬಿಡಬೇಡಿ. ಒಂದು ಸಲ ಹೊರಗೆ ಇಟ್ಟು ಮರೆತೆ. ಎರಡು ವಾರದಲ್ಲಿ ಕುಂಬಾರ ಹುಳ ಬಾಯಿಯ ಒಂದು ಮೂಲೆಗೆ ಮಣ್ಣಿನ ಗೂಡು ಕಟ್ಟಿತ್ತು. ಒಡೆದರೆ ಒಳಗೆ ಹಸಿರು ಹುಳಗಳು, ಇನ್ನೂ ಅಲುಗಾಡುತ್ತಿದ್ದವು. ಮಣ್ಣು ತೇವ ಹಿಡಿದು ಅಲ್ಲಿ ಬಣ್ಣ ಎದ್ದುಹೋಗಿದೆ, ಕಾಳುಮೆಣಸಿನಷ್ಟು ಜಾಗ. ಈಗ ದಪ್ಪ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಇಡುತ್ತೇನೆ. ಚುನಾವಣೆ ಬಂದಾಗ ರೈಫಲ್ಲನ್ನು ಠಾಣೆಗೆ ಒಪ್ಪಿಸಬೇಕಲ್ಲ, ಆಗಲೂ ಹಿಂದಿನ ದಿನ ಒಣಗಿಸಿ, ಒರೆಸಿ ಕೊಡುವುದು. 2024ರಲ್ಲಿ ಹಾಗೆ ಕೊಟ್ಟದ್ದು ಮಳೆ ಹಿಡಿದ ಮೇಲೆ ಕೈಗೆ ಬಂತು. ಬೈರಾಸಿನಲ್ಲಿ ಒರೆಸಿದರೆ ಕಂದು ಬಣ್ಣ ಸ್ವಲ್ಪವೂ ಇರಲಿಲ್ಲ.

ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಸ್ಪ್ರಿಂಗಿನ ಬಿಗಿ ಇವತ್ತಿಗೂ ಹಾಗೇ ಇದೆ. ಅರ್ಧ ಕಡಿಮೆ ಯಾಕೆಂದರೆ ಎರಡನೇ ಮ್ಯಾಗಜಿನ್ ಸಿಗುವುದು ಕಷ್ಟ. ಒಂದು ಅಂಗಡಿಯಿಂದ ತಂದದ್ದು ನನ್ನ ರೈಫಲ್ಲಿಗೆ ಕಚ್ಚಿ ನಿಲ್ಲಲೇ ಇಲ್ಲ, ಮೆಲ್ಲ ತಟ್ಟಿದರೆ ಕಳಚುತ್ತಿತ್ತು. ಹಿಂದೆ ಕೊಟ್ಟು ಬಂದೆ. ನೀವು ತಗೊಳ್ಳುವುದಾದರೆ ಲೈಸೆನ್ಸೂ ಖಾಲಿ ರೈಫಲ್ಲೂ ಜೊತೆಗೆ ಒಯ್ಯಿರಿ. ಅಂಗಡಿಯಲ್ಲೇ ಸಿಕ್ಕಿಸಿ, ಅಡಿಯಿಂದ ಅಂಗೈಯಲ್ಲಿ ತಟ್ಟಿ ನೋಡಿ. ತಟ್ಟೆಯನ್ನು ಅಲ್ಲೇ ಹೊರಗೆ ತೆಗೆದು ಸ್ಪ್ರಿಂಗಿನ ಮಡಿಕೆಗಳನ್ನು ಎಣಿಸಿ, ಹಳೇದರಲ್ಲಿ ಎಷ್ಟಿದೆಯೋ ಅಷ್ಟೇ ಇದೆಯಾ ಎಂದು ನೋಡಿಯೇ ದುಡ್ಡು ಕೊಡಿ.